ಕಾವಲಿ ಮೇಲೆ ಎಂಜಿನ್ ಆಯಿಲ್

ಮನೆಗೆ ಬಂದವರಿಗೆ ಕೆಲವರು ಮದುವೆ ಆಲ್ಬಮ್ ತೋರಿಸುತ್ತಾರೆ. ನಾನು ಕಾರಿನ ಬಾನೆಟ್ ಎತ್ತಿ ತೋರಿಸುತ್ತೇನೆ. ಈ ಚಟ ಇಲ್ಲದಿದ್ದರೆ ಮುಂದಿನದ್ಯಾವುದೂ ನಡೆಯುತ್ತಿರಲಿಲ್ಲ, ನಮ್ಮ ಮನೆಯ ದೋಸೆಗೂ ಈ ಗತಿ ಬರುತ್ತಿರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ. ಹಾಸನದ ಚಳಿ ಗೊತ್ತಲ್ಲ, ಒಂಬತ್ತು ಗಂಟೆಯಾದರೂ ಬೀದಿ ಮಫ್ಲರ್ ಬಿಚ್ಚಿರುವುದಿಲ್ಲ. ಬೆಂಗಳೂರಿನಿಂದ ಬಾಮೈದ ತನ್ನ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಬಂದ. ಸದ್ದೇ ಇಲ್ಲದೆ ಬಂದು ಗೇಟಿನ ಮುಂದೆ ನಿಂತ ಅದನ್ನು ಕಂಡು ಬೊಗಳಬೇಕೋ ಬೇಡವೋ ಎಂದು ನಮ್ಮ ಬೀದಿ ನಾಯಿಗಳಿಗೇ ಗೊಂದಲವಾಯಿತು. ಇಳಿದವನೇ ನನ್ನ ಕಾರಿನ ಕಡೆ ನೋಡಿ, "ಭಾವ, ಇದು ಇನ್ನೂ ಓಡ್ತಾ ಇದ್ಯಾ?" ಎಂದ. "ಅಜ್ಜಿ ಇನ್ನೂ ಇದ್ದಾರಾ?" ಎಂದು ಕೇಳುವ ಧಾಟಿ.

ಕಾಫಿಯನ್ನೂ ಕೊಡದೆ ಅವನನ್ನು ಕರೆದುಕೊಂಡು ಹೋಗಿ ಬಾನೆಟ್ ಎತ್ತಿದೆ.

ನನ್ನದು 2003ರ ಡೀಸೆಲ್ ಕಾರು. ಕಂಪನಿಯ ಹೆಸರು ಬೇಡ, ತಪ್ಪು ಅವರದ್ದಲ್ಲ. ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಕೀ ತಿರುಗಿಸಿದರೆ ಸುರುಳಿ ಆಕಾರದ ಹಳದಿ ದೀಪವೊಂದು ಹತ್ತುತ್ತದೆ. ಒಳಗೆ ಗ್ಲೋ ಪ್ಲಗ್ ಕೆಂಪಗೆ ಕಾದು ಆ ದೀಪ ಆರುವ ತನಕ ಕೈಕಟ್ಟಿ ಕೂರಬೇಕು. ಆಮೇಲೆ ಸ್ಟಾರ್ಟ್ ಆಗುವ ಸದ್ದಿಗೆ ಪಕ್ಕದ ಮನೆಯ ಸ್ಟೀಲ್ ಲೋಟಗಳು ಸ್ಟ್ಯಾಂಡಿನಲ್ಲಿ ನಡುಗುತ್ತವೆ. 2018ರಲ್ಲಿ ಹದಿನೈದು ತುಂಬಿದಾಗ ಆರ್‌ಟಿಓ ಕಚೇರಿಯಲ್ಲಿ ಮರುನೋಂದಣಿ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಷಷ್ಟ್ಯಬ್ದಿ ಮಾಡಿಸಿದಷ್ಟೇ ಹೆಮ್ಮೆಯಿಂದ ಮನೆಗೆ ತಂದಿದ್ದೆ.

"ನೋಡು, ಕೂಲಂಟ್ ಹೇಗಿದೆ ಅಂತ! ಎಳನೀರಿನ ಹಾಗೆ ತಿಳಿಯಾಗಿರುತ್ತೆ" ಎನ್ನುತ್ತ ಮುಚ್ಚಳ ತಿರುಗಿಸಿದೆ.

ಒಳಗಿದ್ದದ್ದು ಪುಳಿಯೋಗರೆ ಗೊಜ್ಜು. ಅದಕ್ಕೆ ಯಾರೋ ಒಂದು ಸೌಟು ಹಾಲು ಬೆರೆಸಿದ ಹಾಗಿತ್ತು. ಹಸಿರು ನೀರಿರಬೇಕಾದ ಜಾಗದಲ್ಲಿ ಬೂದುಗಂದು ಬಣ್ಣದ ಗಟ್ಟಿ ಮಡ್ಡಿ, ಮುಚ್ಚಳದ ಒಳಗೆಲ್ಲ ಬೆಣ್ಣೆ ಮೆತ್ತಿದಂತೆ ಮೆತ್ತಿಕೊಂಡಿತ್ತು. ಕೈಲಿದ್ದ ಮುಚ್ಚಳದಿಂದ ಒಂದು ಗುಪ್ಪೆ ನಿಧಾನವಾಗಿ ಜಾರಿ, ಬಾಮೈದನ ಬಿಳಿ ಶೂ ಮೇಲೆ ಪತ್ ಎಂದು ಬಿತ್ತು.

"ಎಳನೀರು ಗಂಜಿ ಆಗಿದೆ ಭಾವ" ಎಂದ ಅವನು.

ಮನುಷ್ಯರಿಗೆ ಎದೆ ಉರಿದರೂ, ತಲೆ ತಿರುಗಿದರೂ, ಬೆನ್ನು ಹಿಡಿದರೂ ನಮ್ಮ ಊರಲ್ಲಿ ಒಂದೇ ಕಾಯಿಲೆ: ಗ್ಯಾಸ್ಟ್ರಿಕ್. ಕಾರಿಗೆ ಏನಾದರೂ ಅದೂ ಒಂದೇ ಕಾಯಿಲೆ: ಗ್ಯಾಸ್ಕೆಟ್. ಪಕ್ಕದ ಮನೆಯವರು ಬಸ್ ಡಿಪೋದಲ್ಲಿ 30 ವರ್ಷ ದುಡಿದು ನಿವೃತ್ತರಾದವರು. ಕಾಂಪೌಂಡಿನ ಮೇಲಿಂದಲೇ ಬಗ್ಗಿ ನೋಡಿ, "ಹೆಡ್ ಗ್ಯಾಸ್ಕೆಟ್ಟು. ಹೋಯ್ತು" ಎಂದರು, ಸಾಡೇಸಾತಿ ಶುರುವಾಗಿದೆ ಎಂದು ಜೋಯಿಸರು ಹೇಳುವಾಗ ಅವರ ಮುಖದಲ್ಲಿ ಮೂಡುವ ಅದೇ ಸಂತೃಪ್ತಿಯಲ್ಲಿ. ಹಾಲು ಹಾಕಲು ಬಂದವನು ಕ್ಯಾನು ಕೆಳಗಿಟ್ಟು ಬಂದು ನೋಡಿ ಹೆಡ್ ಗ್ಯಾಸ್ಕೆಟ್ ಎಂದ. ಇಸ್ತ್ರಿಯವನು ಹೆಡ್ ಗ್ಯಾಸ್ಕೆಟ್ ಎಂದ. ಬಾಮೈದ ಫೋನಿನಲ್ಲಿ ಏನೋ ಹುಡುಕಿ ಅವನೂ ಅದನ್ನೇ ಎಂದ. "ಒಂದು ತೊಟ್ಟು ನಾಲಿಗೆಗೆ ಹಚ್ಚಿ ನೋಡಿ ಮೇಷ್ಟ್ರೇ, ಗೊತ್ತಾಗುತ್ತೆ" ಎಂಬ ಸಲಹೆಯೂ ಕಾಂಪೌಂಡಿನ ಮೇಲಿಂದ ಬಂತು. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಹಾಗಾಗಿ ಹಚ್ಚಲಿಲ್ಲ, ಶೂ ಮೂಸಲು ಬಂದ ನಾಯಿಯನ್ನೂ ಓಡಿಸಿದೆ. ಇಡೀ ಪ್ರಕರಣದಲ್ಲಿ ನನ್ನ ಓದು ಉಪಯೋಗಕ್ಕೆ ಬಂದದ್ದು ಅದೊಂದು ಸಲ.

ಓದು ಅಂದೆ. ಹೇಳಿಬಿಡುವುದು ಒಳ್ಳೆಯದು: ನಾನು ಪಿಯು ಕಾಲೇಜಿನಲ್ಲಿ 26 ವರ್ಷದಿಂದ ಭೌತಶಾಸ್ತ್ರ ಪಾಠ ಮಾಡುತ್ತಿದ್ದೇನೆ. ದ್ರವಗಳ ಒತ್ತಡದ ಅಧ್ಯಾಯ ನನಗೆ ಬಾಯಿಪಾಠ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಕಂಡಕಂಡವರ ಮಾತು ಕೇಳಿ ತೀರ್ಮಾನಕ್ಕೆ ಬರುವುದು ವಿಜ್ಞಾನದ ಮನುಷ್ಯನಿಗೆ ಶೋಭೆಯಲ್ಲ. ಬಾಮೈದ ಶೂ ತೊಳೆದುಕೊಂಡು ಹೊರಟ ಮೇಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದು, ಲ್ಯಾಬ್ ರೆಕಾರ್ಡಿನ ಕ್ರಮದಲ್ಲೇ ಉದ್ದೇಶ, ಉಪಕರಣ, ವಿಧಾನ, ವೀಕ್ಷಣೆ, ನಿರ್ಣಯ ಎಂದು ಅಡ್ಡಗೆರೆ ಎಳೆದೆ. ಉದ್ದೇಶ: ಕೂಲಂಟಿಗೆ ಎಣ್ಣೆ ಸೇರಲು ಕಾರಣ ಕಂಡುಹಿಡಿಯುವುದು. ಕೆಂಪು ಶಾಯಿಯಲ್ಲಿ ಕೆಳಗೆ ಎರಡು ಗೆರೆಯನ್ನೂ ಹಾಕಿದೆ.

ಮೊದಲನೆಯದು ಡಿಪ್‌ಸ್ಟಿಕ್. ಹೆಡ್ ಮತ್ತು ಬ್ಲಾಕಿನ ನಡುವಿನ ಹಾಳೆಯೇ ಗ್ಯಾಸ್ಕೆಟ್. ಒಂದು ಅಂಗೈ ಅಗಲದೊಳಗೆ ಬೆಂಕಿಯ ದಾರಿ, ಎಣ್ಣೆಯ ದಾರಿ, ನೀರಿನ ದಾರಿ ಮೂರನ್ನೂ ಒಂದಕ್ಕೊಂದು ತಾಕದಂತೆ ಬೇರೆಬೇರೆ ಇಡುವುದು ಅದರ ಕೆಲಸ, ಮೂವರು ಸೊಸೆಯರ ಮನೆಯಲ್ಲಿ ಅತ್ತೆ ಇದ್ದ ಹಾಗೆ. ಅದು ಹರಿದರೆ ಸಾಮಾನ್ಯವಾಗಿ ಎಲ್ಲ ಎಲ್ಲದಕ್ಕೂ ಸೇರುತ್ತದೆ. ನೀರು ಎಣ್ಣೆಗೂ ಹೋಗಿ ಡಿಪ್‌ಸ್ಟಿಕ್ಕಿನಲ್ಲಿ ಬಿಳಿ ನೊರೆ ಕಾಣಬೇಕು. ಎಳೆದು ನೋಡಿದೆ. ಎಣ್ಣೆ ಡೀಸೆಲ್ ಎಂಜಿನ್ನಿಗೆ ತಕ್ಕ ಹಾಗೆ ಕಾಡಿಗೆಯಷ್ಟು ಕಪ್ಪಗಿತ್ತು, ಮಟ್ಟ ಮಾತ್ರ ಸ್ವಲ್ಪ ಇಳಿದಿತ್ತು. ನೊರೆ ಇಲ್ಲ. ವೀಕ್ಷಣೆ ಬರೆದೆ: ನೀರು ಕಂಡುಬರಲಿಲ್ಲ. ಪಕ್ಕದಲ್ಲಿ ಬ್ರಾಕೆಟ್ ಹಾಕಿ: ಕಣ್ಣಿಗೆ ಕಾಣದಷ್ಟು ಇರಬಹುದು.

ಕಣ್ಣಿಗೆ ಕಾಣದ ನೀರನ್ನು ಕಿವಿಯಿಂದ ಕಂಡುಹಿಡಿಯುವ ಪರೀಕ್ಷೆಯೊಂದಿದೆ. ನೂರೈವತ್ತು ಡಿಗ್ರಿ ಹತ್ತಿರ ಕಾದ ಲೋಹದ ಮೇಲೆ ಒಂದು ಹನಿ ಎಂಜಿನ್ ಆಯಿಲ್ ಬಿಡಬೇಕು. ಸಾವಿರಕ್ಕೆ ಒಂದು ಪಾಲಿನಷ್ಟು ನೀರಿದ್ದರೂ ಆ ನೀರು ಆವಿಯಾಗಿ ಚಟಪಟ ಸಿಡಿಯುತ್ತದೆ, ಒಗ್ಗರಣೆಗೆ ಒದ್ದೆ ಕರಿಬೇವು ಹಾಕಿದಂತೆ. ಕಾರ್ಖಾನೆಗಳಲ್ಲಿ ಇದಕ್ಕೆಂದೇ ಬಿಸಿ ತಟ್ಟೆ ಇರುತ್ತದೆ. ನಮ್ಮ ಮನೆಯಲ್ಲಿ ಇದ್ದದ್ದು ನನ್ನ ಹೆಂಡತಿ ತವರಿಂದ ತಂದ, 20 ವರ್ಷ ಎಣ್ಣೆ ಕುಡಿದು ಕನ್ನಡಿಯಂತಾದ ಬೀಡಿನ ಕಾವಲಿ.

ಅವಳು ದೇವಸ್ಥಾನಕ್ಕೆ ಹೋಗಿದ್ದಳು. ಒಲೆ ಹಚ್ಚಿ ಕಾವಲಿ ಇಟ್ಟು, ಡಿಪ್‌ಸ್ಟಿಕ್ಕಿನಿಂದ ಒಂದು ಹನಿ ಬಿಟ್ಟೆ. ಅದು ತೆಳ್ಳಗೆ ಹರಡಿ, ಅಂಚಿನಲ್ಲಿ ನೀಲಿ ಹೊಗೆ ಎದ್ದಿತು. ಸದ್ದಿಲ್ಲ. ಇನ್ನೊಂದು ಹನಿ. ಸದ್ದಿಲ್ಲ. ಕಿವಿ ಹತ್ತಿರ ಒಯ್ದೆ. ಅಡುಗೆಮನೆ ಪೂರ್ತಿ ಲಾರಿ ಸ್ಟ್ಯಾಂಡಿನ ವಾಸನೆ, ಆದರೆ ಚಿಟಿಕೆಯಷ್ಟೂ ಚಟಪಟವಿಲ್ಲ. ಇಷ್ಟಕ್ಕೆ ನಿಲ್ಲಿಸಬೇಕಿತ್ತು. ಆದರೆ ಪರೀಕ್ಷೆಯೇ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸದೆ ಬಿಡುವುದು ಅವೈಜ್ಞಾನಿಕ. ಹೋಲಿಕೆಗೆಂದು ಒಂದು ಚಮಚ ಎಣ್ಣೆಗೆ ನಲ್ಲಿಯಿಂದ ನಾಲ್ಕು ಹನಿ ನೀರು ಬಿಟ್ಟು, ಕಲಕಿ, ಅಷ್ಟನ್ನೂ ಕಾವಲಿಗೆ ಸುರಿದೆ.

ಪರೀಕ್ಷೆ ಸರಿಯಾಗಿ ಕೆಲಸ ಮಾಡುತ್ತದೆ.

ಮುಂಗೈ ಮೇಲೆ ಸಾಸಿವೆ ಕಾಳಿನಷ್ಟು ಏಳು ಬೊಬ್ಬೆ, ಗೋಡೆಯ ಬಿಳಿ ಟೈಲ್ಸಿನ ಮೇಲೆ ಮಾಡರ್ನ್ ಆರ್ಟ್, ಎಕ್ಸಾಸ್ಟ್ ಫ್ಯಾನಿನ ತನಕ ಕಪ್ಪು ಚುಕ್ಕೆ. ಪ್ರಸಾದದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತ ಹೆಂಡತಿ ಮೊದಲು ಗೋಡೆ ನೋಡಿದಳು, ಆಮೇಲೆ ಕಾವಲಿ ನೋಡಿದಳು. ನನ್ನ ಕೈ ನೋಡಲೇ ಇಲ್ಲ.

"ಏನ್ರೀ ಇದು?"

ಇಂಥ ಹೊತ್ತಿನಲ್ಲಿ ಇತಿಹಾಸ ಸಹಾಯಕ್ಕೆ ಬರುತ್ತದೆ ಎಂದು ನಂಬಿದವನು ನಾನು. ಡೀಸೆಲ್ ಎಂಜಿನ್ನಿಗೂ ಅಡುಗೆಮನೆಗೂ ಹಳೇ ನಂಟು ಕಣೇ ಎಂದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೇ ಓಡಿತ್ತು. ಅಷ್ಟು ದೂರ ಯಾಕೆ, ನಮ್ಮ ಹಾಸನದ ಪಕ್ಕ ಮಡೆನೂರಿನ ಜೈವಿಕ ಇಂಧನ ಪಾರ್ಕಿನಲ್ಲಿ ಹೊಂಗೆ ಎಣ್ಣೆಯಿಂದ ಡೀಸೆಲ್ ಮಾಡುತ್ತಾರೆ. ಅವಳು ಶಾಂತವಾಗಿ, "ಅಡುಗೆ ಎಣ್ಣೇಲಿ ಕಾರು ಓಡಿಸಿದ್ರು ಅಂದ್ರಿ. ಕಾರಿನ ಎಣ್ಣೇಲಿ ದೋಸೆ ಹುಯ್ದಿದ್ದು ಯಾರು?" ಎಂದಳು. ಅದಕ್ಕೆ ಇತಿಹಾಸದಲ್ಲಿ ಉದಾಹರಣೆ ಸಿಗಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದೆ: ಎರಡನೇ ಪ್ರಯೋಗ. ಎಣ್ಣೆಯಲ್ಲಿ ನೀರಿಲ್ಲ. ಬ್ರಾಕೆಟ್ಟಿನಲ್ಲಿ: ಕಾವಲಿ ಸಾಕಷ್ಟು ಕಾದಿರಲಿಲ್ಲವೇ?

ಮೂರನೆಯ ಪ್ರಯೋಗಕ್ಕೆ ದುಡ್ಡು ಕೊಟ್ಟೆ. ಗ್ಯಾಸ್ಕೆಟ್ ಸುಟ್ಟು ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ ಅದನ್ನು ಹಿಡಿಯುವ ಗಾಜಿನ ಕೊಳವೆಯೊಂದು ಸಿಗುತ್ತದೆ. ಅದರೊಳಗೆ ನೀಲಿ ದ್ರಾವಣ, ರಸಾಯನಶಾಸ್ತ್ರದವರ ಬ್ರೋಮೋಥೈಮಾಲ್ ಬ್ಲೂ. ರೇಡಿಯೇಟರಿನ ಬಾಯಿಗೆ ಇಟ್ಟು, ರಬ್ಬರ್ ಗುಂಡನ್ನು ಒತ್ತಿ, ನೀರಿನ ಮೇಲಿನ ಗಾಳಿಯನ್ನು ಅದರೊಳಗೆ ಎಳೆಯಬೇಕು. ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಸಿರೋ ಹಳದಿಯೋ ಆಗುತ್ತದೆ. ಮೊದಲ ಸಲ ಗಾಳಿಯ ಬದಲು ಗೊಜ್ಜನ್ನೇ ಎಳೆದುಕೊಂಡು ಅರ್ಧ ದ್ರಾವಣ ಹಾಳಾಯಿತು. ಎರಡನೇ ಸಲ ನೀರನ್ನು ನಾಲ್ಕು ಬೆರಳು ಇಳಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ, ಎಳೆದೆ. ನೀಲಿ ನೀಲಿಯಾಗಿಯೇ ಉಳಿಯಿತು, ಶ್ರಾವಣದ ಕೃಷ್ಣನ ಕ್ಯಾಲೆಂಡರಿನಷ್ಟು ನೀಲಿ.

ದ್ರಾವಣ ಹಳೆಯದಿರಬಹುದು ಎಂಬ ಅನುಮಾನ ಬಂತು. ಪರೀಕ್ಷಿಸಲು ಕೊಳವೆಗೆ ಬಾಯಿಟ್ಟು ಊದಿದೆ. ಮೂರೇ ಉಸಿರಿಗೆ ಹಳದಿಯಾಯಿತು. ಅಂದರೆ ದ್ರಾವಣ ಚೆನ್ನಾಗಿಯೇ ಇತ್ತು. ಆ ಪ್ರಯೋಗದ ಪ್ರಕಾರ ಹೆಡ್ ಗ್ಯಾಸ್ಕೆಟ್ ಹೋಗಿದ್ದದ್ದು ನನ್ನದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಎಕ್ಸಲರೇಟರ್ ಒತ್ತಿದಾಗ ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳಬೇಕಿತ್ತು, ಏಳಲಿಲ್ಲ. ಕಾರು ಬಿಸಿಯಾಗಬೇಕಿತ್ತು, ಮುಳ್ಳು ಅರ್ಧಕ್ಕಿಂತ ಮೇಲೆ ಹೋದ ದಿನವೇ ಇಲ್ಲ. ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂತು, ಸಂಭ್ರಮದಿಂದ ಬರೆದುಕೊಂಡೆ. ಆಮೇಲೆ ಗಮನಿಸಿದರೆ ಆ ಚಳಿಯಲ್ಲಿ ಹಾಲಿನವನ ಮೊಪೆಡ್ಡಿನಿಂದಲೂ, ಹಾಲಿನವನಿಂದಲೂ ಬಿಳಿ ಹೊಗೆ ಬರುತ್ತಿತ್ತು. ಮೇಲಿನ ಹೋಸ್ ಪೈಪು ಮಾತ್ರ ಹಿಚುಕಿದರೆ ಕಳಿತ ಪಚ್ಚಬಾಳೆಯಂತೆ ಮೆತ್ತಗಿತ್ತು. ನೀರಿಗೆ ಹೊಂದುವ ಆ ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ, ಊದಿಕೊಂಡುಬಿಡುತ್ತದೆ. ಅಂದರೆ ಎಣ್ಣೆ ಸೇರಲು ಶುರುವಾಗಿ ತಿಂಗಳುಗಳೇ ಆಗಿದ್ದವು. ಬಾನೆಟ್ ಎತ್ತಿ ತೋರಿಸುವವನು ಅಷ್ಟು ದಿನವೂ ಡಬ್ಬಿಯ ಹೊರಗನ್ನು ಒರೆಸಿ ಹೊಳಪು ಮಾಡುತ್ತಿದ್ದ.

ಹೀಗೆ ಆರು ಪ್ರಯೋಗ ಮುಗಿದವು. ಆರರಲ್ಲಿ ಒಂದೂ ಗ್ಯಾಸ್ಕೆಟ್ ಕಡೆ ಬೆರಳು ತೋರಿಸಲಿಲ್ಲ. ಕೊನೆಯ ಪುಟದಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಇವತ್ತಿಗೂ ಇದೆ: "ನಿರ್ಣಯ: ಹೆಡ್ ಗ್ಯಾಸ್ಕೆಟ್ ಹೋಗಿದೆ." ವಿದ್ಯಾರ್ಥಿಗಳು ವೀಕ್ಷಣೆ ಒಂದು ಬರೆದು ಉತ್ತರ ಪಕ್ಕದವನದ್ದು ಬರೆದರೆ ಸೊನ್ನೆ ಕೊಡುತ್ತೇನೆ. ಇಲ್ಲಿ ಪಕ್ಕದವನು ನಿಜಕ್ಕೂ ಪಕ್ಕದ ಮನೆಯವನೇ.

ನಿಜ ಹೇಳಲೇ? ಸಣ್ಣ ಕಾಯಿಲೆ ಇರಬಹುದು ಎಂದುಕೊಳ್ಳಲು ನನಗೆ ಇಷ್ಟವಿರಲಿಲ್ಲ. ಸ್ಟಾಫ್ ರೂಮಿನಲ್ಲಿ "ಹೆಡ್ ಇಳಿಸಿಸ್ತಿದೀನಿ" ಎನ್ನುವುದರಲ್ಲಿ ಒಂದು ತೂಕವಿದೆ. ಬೈಪಾಸ್ ಆಯಿತು ಅಂದವನಿಗೆ ಸಿಗುವ ಮರ್ಯಾದೆ ಕಾಲಿಗೆ ಆಣಿ ಆಯಿತು ಅಂದವನಿಗೆ ಸಿಗುತ್ತದೆಯೇ?

ಗ್ಯಾಸ್ಕೆಟ್ ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ನಮ್ಮ ಗ್ಯಾರೇಜಿನ ಹುಡುಗ ತರಿಸಿಕೊಡುತ್ತೇನೆ ಎಂದಿದ್ದ, ನಾನು ಬಿಡಲಿಲ್ಲ. ಹಾಸನದಿಂದ ಹೆಚ್ಚೂಕಡಿಮೆ 185 ಕಿಲೋಮೀಟರ್, ಬಸ್ಸಿನಲ್ಲಿ. ಅಂಗಡಿಯವರು ಮಾಡೆಲ್ ಕೇಳಿ, "ಎಷ್ಟು ತೂತಿನದು ಸಾರ್?" ಎಂದರು.

ಗ್ಯಾಸ್ಕೆಟ್ ತುಂಬ ತೂತುಗಳೇ. "ಎಲ್ಲಾ ತೂತೂ ಇರೋದನ್ನೇ ಕೊಡಿ" ಎಂದೆ. ಕೌಂಟರಿನ ಹಿಂದೆ ಇಬ್ಬರು ಹುಡುಗರು ಬಗ್ಗಿ ಏನನ್ನೋ ಹುಡುಕತೊಡಗಿದರು. ಬಹಳ ಹೊತ್ತು ಮೇಲೇಳಲಿಲ್ಲ, ಭುಜಗಳು ಮಾತ್ರ ಕುಲುಕುತ್ತಿದ್ದವು. ಸಂಗತಿ ಇಷ್ಟು: ಡೀಸೆಲ್ ಎಂಜಿನ್ನಿಗೆ ಕಿಡಿ ಇಲ್ಲ. ನನ್ನ ಕಾರಿನಂಥ ಹಳೆಯದರಲ್ಲಿ ಗಾಳಿಯನ್ನು ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಅದುಮಿ, ಆ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುವಂತೆ ಮಾಡುತ್ತಾರೆ. ಮೇಲೆ ಬಂದ ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಕೂದಲೆಳೆಯ ಲೆಕ್ಕದ್ದು. ಪಿಸ್ಟನ್ ಎಷ್ಟು ಮೇಲೆ ಇಣುಕುತ್ತದೆ ಎಂದು ಅಳೆದು, ಅದಕ್ಕೆ ತಕ್ಕ ದಪ್ಪದ ಗ್ಯಾಸ್ಕೆಟ್ ಹಾಕಬೇಕು. ಯಾವ ದಪ್ಪ ಎಂದು ಗುರುತಿಸಲು ಅಂಚಿನಲ್ಲಿ ಒಂದು, ಎರಡು ಅಥವಾ ಮೂರು ಪುಟ್ಟ ತೂತು ಇರುತ್ತವೆ. ಪಂಚೆಗೆ ಕರೆ ಇದ್ದ ಹಾಗೆ. ಎರಡು ತೂತಿನದು ತಂದೆ. ಬೇಕಾಗಿದ್ದದ್ದು ಮೂರರದು. ಮತ್ತೆ 185, ಮತ್ತೆ 185.

ಹೆಡ್ ಇಳಿಸಿದ ದಿನ ರಜೆ ಹಾಕಿ ಗ್ಯಾರೇಜಿನಲ್ಲೇ ಕೂತಿದ್ದೆ. ಹುಡುಗ ಹಳೇ ಗ್ಯಾಸ್ಕೆಟ್ಟನ್ನು ಎತ್ತಿ ಬಿಸಿಲಿಗೆ ಹಿಡಿದ. ಎಲ್ಲೂ ಸುಟ್ಟಿಲ್ಲ, ಹರಿದಿಲ್ಲ, ಮೂರು ದಾರಿಗಳ ಸುತ್ತಲಿನ ಉಂಗುರಗಳು ಮದುವೆ ದಿನದ ಕಾಲುಂಗುರದಂತೆ ಹೊಳೆಯುತ್ತಿದ್ದವು. ಹೆಡ್ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಅದರಡಿಗೆ 0.05 ಮಿಲಿಮೀಟರಿನ ಫೀಲರ್ ತೂರಿಸಲು ನೋಡಿದ. ತೂರಲಿಲ್ಲ. ಅಂದರೆ ಹೆಡ್ ಸೊಟ್ಟಗೂ ಆಗಿಲ್ಲ. "ಸಾರ್, ಇದು ಚೆನ್ನಾಗಿದೆಯಲ್ಲಾ?" ಎಂದ.

"ಮೈಕ್ರೋಸ್ಕೋಪಿಕ್ ಕ್ರ್ಯಾಕ್ ಇರುತ್ತೆ. ನಿನಗೆ ಕಾಣಲ್ಲ" ಎಂದೆ.

ಅವನು ನನ್ನ ಹಳೇ ವಿದ್ಯಾರ್ಥಿ. ಎದುರು ಮಾತಾಡಿ ಅಭ್ಯಾಸವಿಲ್ಲ. ಹೊಸ ಗ್ಯಾಸ್ಕೆಟ್ ಕೂರಿಸಿ, ಹೊಸ ಬೋಲ್ಟುಗಳನ್ನು ನಡುವಿನಿಂದ ಶುರುಮಾಡಿ ಸುತ್ತುತ್ತ ಹೊರಗೆ ಬರುವ ಕ್ರಮದಲ್ಲಿ, ರಂಗೋಲಿಯ ಚುಕ್ಕೆ ಜೋಡಿಸಿದಷ್ಟು ಶಿಸ್ತಾಗಿ ಬಿಗಿದ. 18,400 ರೂಪಾಯಿ ಕೊಟ್ಟೆ. ಒಳಗಿನ ಗೊಜ್ಜು ತೊಳೆಯುವುದಷ್ಟೇ ಬಾಕಿ. ಅದಕ್ಕೂ ಅವನು ಎರಡು ಸಾವಿರ ಕೇಳಿದ. "ಅದನ್ನ ನಾನೇ ಮಾಡ್ಕೋತೀನಿ" ಎಂದೆ.

ಎಂಜಿನ್ ಆಯಿಲ್ ನೀರಿಗೆ ಸೇರಿದರೆ ಬರೀ ನೀರಿನಲ್ಲಿ ತೊಳೆದು ಹೋಗುವುದಿಲ್ಲ. ಕೊಳೆ ತೇಲಿಸಿಡಲೆಂದು ಆಯಿಲ್‌ಗೆ ಬೆರೆಸಿರುವ ಸಾಬೂನಿನ ಜಾತಿಯ ರಾಸಾಯನಿಕಗಳೇ ಅದನ್ನೂ ನೀರನ್ನೂ ಕಡೆದು ಬೆಣ್ಣೆ ಮಾಡಿಬಿಡುತ್ತವೆ. ಅದನ್ನು ಒಡೆಯಲು ಪಾತ್ರೆ ತೊಳೆಯುವ ಮೆಷಿನ್ನಿಗೆ ಹಾಕುವ, ನೊರೆ ಬಾರದ ಪುಡಿ ಬಳಸುತ್ತಾರೆ. ನಮ್ಮ ಮನೆಯಲ್ಲಿ ಆ ಮೆಷಿನ್ ಇಲ್ಲ. ಸಿಂಕಿನ ಪಕ್ಕ ನಿಂಬೆ ವಾಸನೆಯ ಹಸಿರು ದ್ರಾವಣ ಇತ್ತು. ಪಾತ್ರೆ ತೊಳೆಯೋದು ಅಂದರೆ ಪಾತ್ರೆ ತೊಳೆಯೋದೇ ತಾನೆ? ಅರ್ಧ ಬಾಟಲಿ ಸುರಿದು ಸ್ಟಾರ್ಟ್ ಮಾಡಿದೆ.

ಕಾರಿನ ವಾಟರ್ ಪಂಪು ಅಂದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಡೆಗೋಲು. ಐದನೇ ನಿಮಿಷಕ್ಕೆ ರೇಡಿಯೇಟರಿನ ಬಾಯಿಂದ ನೊರೆ ಮೆಲ್ಲಗೆ ಇಣುಕಿತು, ನಾಚಿಕೆಯ ಹುಡುಗಿಯ ಹಾಗೆ. ಆರನೇ ನಿಮಿಷಕ್ಕೆ ನಾಚಿಕೆ ಬಿಟ್ಟಿತು. ಬಂಪರ್ ದಾಟಿ, ಗೇಟಿನ ಸಂದಿಯಲ್ಲಿ ನುಸುಳಿ, ರಸ್ತೆಯ ಇಳಿಜಾರು ಹಿಡಿದು ಹೊರಟಿತು. ಬೀದಿಯಲ್ಲೆಲ್ಲ ನಿಂಬೆಹಣ್ಣು ಮತ್ತು ಡೀಸೆಲ್ ಕೂಡಿದ ಪರಿಮಳ. ನೊರೆಯೊಳಗೆ ಇರುವುದು ಗಾಳಿ, ಗಾಳಿ ಶಾಖ ಸಾಗಿಸದು. ಹೀಗಾಗಿ 20 ವರ್ಷದಲ್ಲಿ ಒಮ್ಮೆಯೂ ಬಿಸಿಯಾಗದ ನನ್ನ ಕಾರು ಅಂದು ಮೊದಲ ಬಾರಿಗೆ ಕೆಂಪು ಗೆರೆ ಮುಟ್ಟಿತು. ಓಡಿಹೋಗಿ ಆಫ್ ಮಾಡಿದೆ. ಟ್ಯೂಷನ್ನಿಗೆ ಹೊರಟಿದ್ದ ಇಬ್ಬರು ಹುಡುಗಿಯರು ಚಪ್ಪಲಿ ಎತ್ತಿಕೊಂಡು ನೊರೆ ದಾಟುತ್ತ, "ನಮಸ್ತೆ ಸಾರ್" ಎಂದರು. ಸ್ವಲ್ಪ ಮುಂದೆ ಹೋಗಿ ಒಬ್ಬಳು ಇನ್ನೊಬ್ಬಳಿಗೆ "ಸರ್ಫೇಸ್ ಟೆನ್ಷನ್" ಎಂದದ್ದು ಕೇಳಿಸಿತು. ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಬಗ್ಗಿ, "ಮೇಷ್ಟ್ರೇ, ನಮ್ಮ ಅಂಗಳದ ಪಾಚಿಯೂ ಒಂಚೂರು ಇದೆ" ಎಂದರು.

ಹನ್ನೊಂದನೇ ದಿನ, ಮುನ್ನೂರು ಕಿಲೋಮೀಟರ್ ಓಡಿಸಿದ ಮೇಲೆ, ಉಸಿರು ಬಿಗಿಹಿಡಿದು ಮುಚ್ಚಳ ತೆಗೆದೆ. ಗೊಜ್ಜು ವಾಪಸ್ ಬಂದಿತ್ತು. ಈ ಸಲ ನಿಂಬೆ ವಾಸನೆ ಬೇರೆ.

ಸಕಲೇಶಪುರದ ರಸ್ತೆಯಲ್ಲಿ ಒಬ್ಬರು ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರಿಗೂ ಅವರು ಭಾಯಿ. ಶಿರಾಡಿ ಘಾಟಿ ಹತ್ತಿ ಬಂದು ಕುಸಿದ ಲಾರಿಗಳಿಗೆ 40 ವರ್ಷ ಮರುಜೀವ ಕೊಟ್ಟವರು. ಬೋರ್ಡ್ ಇಲ್ಲ, ಶೆಡ್ ಇದೆ. ಮೊದಲೇ ಯಾಕೆ ಅಲ್ಲಿಗೆ ಹೋಗಲಿಲ್ಲ ಎಂದು ಹೆಂಡತಿ ಕೇಳಿದಳು. ಕೆಲವು ಪ್ರಶ್ನೆಗಳಿಗೆ ಸಂಸಾರದಲ್ಲಿ ಉತ್ತರ ಕೊಡಬಾರದು.

ಭಾಯಿ ಗೊಜ್ಜನ್ನು ಬೆರಳಲ್ಲಿ ತಿಕ್ಕಿ ಮೂಸಿದರು. "ಡೀಸೆಲ್ ವಾಸನೆ ಇಲ್ಲ. ಇಂಜೆಕ್ಟರ್ ಕಡೆಯದಲ್ಲ. ಆಯಿಲ್ಲೇ." ಇನ್ನೊಮ್ಮೆ ಮೂಸಿದರು. "ನಿಂಬೆಹಣ್ಣು ಯಾಕಿದೆ ಸಾರ್?"

"ಅದು ಬೇರೆ ವಿಷಯ" ಎಂದೆ.

"ಆಯಿಲ್‌ನಲ್ಲಿ ನೀರಿದ್ಯಾ?"

"ಇಲ್ಲ."

"ಗಾಡಿ ಬಿಸಿ ಆಯ್ತಾ? ಡಬ್ಬೀಲಿ ಗುಳ್ಳೆ ಬಂತಾ?"

"ಇಲ್ಲ." ನೊರೆಯ ದಿನದ ಮಾತು ಎತ್ತಲಿಲ್ಲ.

"ಮತ್ತೆ ಹೆಡ್ ಯಾಕೆ ಬಿಚ್ಚಿದ್ರಿ?"

ಹೆಡ್ ಬಿಚ್ಚಿದ ಹೆಡ್ಡ ಸುಮ್ಮನೆ ನಿಂತ. ಭಾಯಿ ವೇಸ್ಟ್‌ನಲ್ಲಿ ಕೈ ಒರೆಸಿಕೊಳ್ಳುತ್ತ, ಮಗುವಿಗೆ ಹೇಳುವಂತೆ ಹೇಳಿದರು: "ನೋಡಿ ಸಾರ್. ಗಾಡಿ ಓಡುವಾಗ ಆಯಿಲ್ ಪ್ರೆಷರ್ ಮೂರು, ನಾಲ್ಕು ಇರುತ್ತೆ. ನೀರಿಂದು ಒಂದು, ಆ ಮುಚ್ಚಳ ತಡೆಯೋದೇ ಅಷ್ಟು. ಜಾಸ್ತಿ ಇರೋದು ಕಮ್ಮಿ ಇರೋ ಕಡೆ ನುಗ್ಗುತ್ತೆ. ಅದೂ ಇದೂ ಪಕ್ಕಪಕ್ಕ ಹರಿಯೋ ಜಾಗ ಎಲ್ಲಿದೆ? ಆಯಿಲ್ ಕೂಲರಲ್ಲಿ. ಇನ್ನೊಂದು ತಿಂಗಳು ಬಿಟ್ಟಿದ್ರೆ ತೂತು ದೊಡ್ಡದಾಗಿ, ಗಾಡಿ ನಿಲ್ಸಿದಾಗ ನೀರೂ ಆ ಕಡೆ ಹೋಗೋದು."

ಹೆಚ್ಚಿನ ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ. ಬೋರ್ಡಿನ ಮೇಲೆ ಬಾಣ ಎಳೆದು ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಹೇಳುತ್ತೇನೆ.

"ಸಾರ್ ಏನ್ ಕೆಲಸ ಮಾಡೋದು?" ಎಂದು ಕೇಳಿದರು ಭಾಯಿ.

"ಕಾಲೇಜಲ್ಲಿ..." ಎಂದೆ. "ಕನ್ನಡ."

ಆಯಿಲ್ ಫಿಲ್ಟರಿನ ಹಿಂದೆ, ಬ್ಲಾಕಿಗೆ ಅಂಟಿಕೊಂಡಂತೆ, ಅದು ಕೂತಿತ್ತು. ಕುಂಕುಮದ ಭರಣಿಯಷ್ಟು ಗಾತ್ರ. ಒಳಗೆ ತೆಳುವಾದ ತಗಡುಗಳ ಪದರ, ಒಂದು ಪದರದಲ್ಲಿ ಎಣ್ಣೆ, ಮುಂದಿನದರಲ್ಲಿ ನೀರು, ಮತ್ತೆ ಎಣ್ಣೆ, ಮತ್ತೆ ನೀರು. ಬಿಸಿ ಎಣ್ಣೆಯ ಕಾವನ್ನು ನೀರಿಗೆ ದಾಟಿಸುವುದು ಅದರ ಕಸುಬು. ನಾಲ್ಕು ಬೋಲ್ಟು, ಮುಕ್ಕಾಲು ಗಂಟೆ. ಬಿಚ್ಚಿ, ಒರೆಸಿ, ಎಣ್ಣೆಯ ಒಂದು ತೂತಿಗೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಬಿರಡೆ ಹೊಡೆದು, ಇನ್ನೊಂದಕ್ಕೆ ಪಂಪು ಜೋಡಿಸಿ, ಪಂಕ್ಚರ್ ನೋಡುವವರಂತೆ ಬಕೆಟ್ ನೀರಿನಲ್ಲಿ ಮುಳುಗಿಸಿದರು. ಹುಡುಗನೊಬ್ಬ ಗಾಳಿ ಹೊಡೆದ.

ಏನೂ ಇಲ್ಲ. ನೀರು ಅಲುಗಲಿಲ್ಲ.

ಹೇಳಲು ನಾಚಿಕೆ, ನನಗೆ ಆಗ ಖುಷಿಯಾಯಿತು. "ನೋಡಿ ಭಾಯಿ, ನಾನು ಅಂದೆನಲ್ಲ, ಗ್ಯಾಸ್ಕೆಟ್ಟೇ" ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ಮಾತಾಡದೆ ಎದುರಿನ ಟೀ ಅಂಗಡಿಯ ಕಡೆ ಕೈ ಮಾಡಿದರು. ಹುಡುಗ ಹೋಗಿ ಕುದಿಯುವ ನೀರಿನ ಪಾತ್ರೆಯನ್ನೇ ತಂದ. ಬಕೆಟ್ಟಿಗೆ ಸುರಿದು, ಕೂಲರನ್ನು ಅದರಲ್ಲಿ ಐದು ನಿಮಿಷ ಬಿಟ್ಟರು. "ತಣ್ಣಗಿದ್ದಾಗ ಬಾಯಿ ಮುಚ್ಕೊಂಡಿರುತ್ತೆ ಸಾರ್. ಬಿಸಿಯಾದ್ರೆ ಬಿಡುತ್ತೆ." ಗಾಳಿ ಹೊಡೆದರು.

ನೀರಿನ ಕಡೆಯ ತೂತಿನ ಅಂಚಿನಲ್ಲಿ ಜೀರಿಗೆಯಷ್ಟು ಗುಳ್ಳೆಯೊಂದು ಮೂಡಿತು. ಅಲ್ಲೇ ಅಂಟಿಕೊಂಡು ಕಡಲೆಯಷ್ಟಾಯಿತು. ಬಿಟ್ಟು ಮೇಲೆ ಬಂದು, ಒಡೆಯಿತು. ಒಡೆದ ಜಾಗದಲ್ಲಿ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಒಂದು ಚಕ್ರ ನಿಧಾನವಾಗಿ ಹರಡಿತು. ಹಿಂದೆಯೇ ಇನ್ನೊಂದು. ಹುಡುಗ, ಭಾಯಿ, ಟೀ ಅಂಗಡಿಯವನು, ನಾನು, ನಾಲ್ವರೂ ಬಕೆಟ್ಟಿನ ಸುತ್ತ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆವು. 18,400 ರೂಪಾಯಿ ಒಂದೊಂದೇ ಗುಳ್ಳೆಯಾಗಿ ಮೇಲೆ ಬರುತ್ತಿತ್ತು.

ಹೊಸ ಕೂಲರ್, ಎರಡು ರಬ್ಬರ್ ಉಂಗುರ, ಕೂಲಿ ಸೇರಿ 3,100. ಊದಿದ ಹೋಸುಗಳನ್ನೆಲ್ಲ ಬದಲಾಯಿಸಿ, ಥರ್ಮೋಸ್ಟಾಟ್ ತೆಗೆದಿಟ್ಟು, ನೊರೆ ಬಾರದ ಪುಡಿ ಹಾಕಿ ಬಿಸಿನೀರಿನಲ್ಲಿ ಏಳು ಸಲ ತೊಳೆದರು. ಐದನೆಯ ಸಲಕ್ಕೂ ನಿಂಬೆ ಬಂತು. "ಹೆಡ್ ಬಗ್ಗೆ ಇನ್ನು ಹತ್ತು ವರ್ಷ ಯೋಚನೆ ಮಾಡ್ಬೇಡಿ ಸಾರ್" ಎಂದರು ಭಾಯಿ, ಸಮಾಧಾನಕ್ಕೆ. ಕಾರಿನ ಹೆಡ್ ಎಂದೇ ತಿಳಿದುಕೊಂಡೆ.

ಇದೆಲ್ಲ ಮುಗಿದು ನಾಲ್ಕು ತಿಂಗಳಾಯಿತು. ಮೂಲೆಮುರುಕಿನಲ್ಲಿ ಉಳಿದ ಹಳೇ ಎಣ್ಣೆ ಕೆಲವು ವಾರ ಎಳೆಎಳೆಯಾಗಿ ಬರುತ್ತದೆ, ಗಾಬರಿ ಬೇಡ ಎಂದಿದ್ದರು. ನಾನು ಗಾಬರಿಯಾಗದೆ ದಿನಕ್ಕೆ ಎರಡು ಸಲ ಮಾತ್ರ ಮುಚ್ಚಳ ತೆಗೆದು ನೋಡುತ್ತೇನೆ. ಹೊಸ ಕಾವಲಿ ಬಂದಿದೆ. ಅದು ದೋಸೆಗೆ ಇನ್ನೂ ಪಳಗಿಲ್ಲ, ಪ್ರತಿ ದೋಸೆಯೂ ಚಿಂದಿಯಾಗಿ ಏಳುತ್ತದೆ. ಚಿಂದಿಯೆಲ್ಲ ನನ್ನ ತಟ್ಟೆಗೆ. ಹಳೇ ಕಾವಲಿಯನ್ನು ಹೆಂಡತಿ ನನ್ನ ಲ್ಯಾಬಿಗೆ ದಾನ ಮಾಡಿದ್ದಾಳೆ. ಅದು ಈಗ ಕಾರಿನ ಅಡಿಯಲ್ಲಿ, ಎಂಜಿನ್ನಿನ ನೇರಕ್ಕೆ ಇರುತ್ತದೆ, ಏನಾದರೂ ತೊಟ್ಟಿಕ್ಕಿದರೆ ತಿಳಿಯಲಿ ಎಂದು.

ಮೊನ್ನೆ ಬೆಳಿಗ್ಗೆ ಬಗ್ಗಿ ನೋಡಿದೆ. ಕಾವಲಿಯ ನಡುವೆ ಎರಡು ಹನಿ ಇದ್ದವು. ಒಂದು ಕಪ್ಪು. ಇನ್ನೊಂದು ಕಪ್ಪೋ, ಕಂದೋ, ಆ ಮಬ್ಬು ಬೆಳಕಿನಲ್ಲಿ ಹೇಳುವುದು ಕಷ್ಟ. ಕಾದ ಲೋಹದ ಮೇಲೆ ಬಿಟ್ಟರೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಬೆರಳ ತುದಿಯಲ್ಲಿ ಹನಿಯನ್ನು ಎತ್ತಿಕೊಂಡು ಜೋಪಾನವಾಗಿ ಒಳಗೆ ಬಂದೆ, ಇನ್ನೊಂದು ಕೈಯಲ್ಲಿ ನೋಟ್‌ಬುಕ್. ನಾನು ಅಡುಗೆಮನೆಯ ಬಾಗಿಲು ಮುಟ್ಟುವ ಮೊದಲೇ, ಒಳಗಿನ ರೂಮಿನ ಬೀರುವಿನಲ್ಲಿ ಕಬ್ಬಿಣದ್ದೇನನ್ನೋ ಇಟ್ಟ ಸದ್ದು, ಅದರ ಹಿಂದೆಯೇ ಬೀಗದ ಕೈ ಎರಡು ಸುತ್ತು ತಿರುಗಿದ ಸದ್ದು ಕೇಳಿಸಿತು.